ಇನ್ನೂರು ಬೈಟಿನ ಡಂಗುರ

ಇಜೇರಿ, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ, ಕರ್ನಾಟಕ

ಲಕೋಟೆಯ ಮೇಲೆ ಬರೆಯುವ ಈ ಒಂದು ಸಾಲು ಕಂಪ್ಯೂಟರಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಒಮ್ಮೆ ಬೆರಳು ಮಡಚಿ ಎಣಿಸಿದೆ. ಕನ್ನಡದ ಒಂದೊಂದು ಯೂನಿಕೋಡ್ ಗುರುತಿಗೂ, ಅದು ಅಕ್ಷರವಾಗಲಿ ಗುಣಿತದ ಚಿಹ್ನೆಯಾಗಲಿ, ಯುಟಿಎಫ್-8 ಲೆಕ್ಕದಲ್ಲಿ 3 ಬೈಟ್. ಇಜೇರಿ ಎಂದರೆ ಇ, ಜ, ಏತ್ವದ ದೀರ್ಘ, ರ, ಗುಡಿಸು: ಐದು ಗುರುತು, 15 ಬೈಟ್. ಇಡೀ ಸಾಲು, ಅಲ್ಪವಿರಾಮ ಮತ್ತು ಖಾಲಿ ಜಾಗ ಸೇರಿ, ಸರಿಯಾಗಿ 128 ಬೈಟ್.

ಅದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡುತ್ತೇನೆ. ಜಾವಾಸ್ಕ್ರಿಪ್ಟ್‌ನಲ್ಲಿ ನ್ಯಾನೋಇವೆಂಟ್ಸ್ ಎಂಬ ಲೈಬ್ರರಿ ಇದೆ, ಆಂಡ್ರೇ ಸಿಟ್ನಿಕ್ ಬರೆದದ್ದು. ಪ್ರೋಗ್ರಾಮಿನ ಒಂದು ಮೂಲೆಯಲ್ಲಿ ಆದ ಸುದ್ದಿಯನ್ನು ಉಳಿದ ಮೂಲೆಗಳಿಗೆ ಮುಟ್ಟಿಸುವುದು ಅದರ ಕೆಲಸ. ಇಂಥವುಗಳಿಗೆ ಇವೆಂಟ್ ಎಮಿಟರ್ ಎನ್ನುತ್ತಾರೆ. ಹಿಂಡಿ ಕುಗ್ಗಿಸಿದ ಮೇಲೆ ಅದರ ತೂಕ ನೂರು ಬೈಟಿಗೆ ಸ್ವಲ್ಪ ಮೇಲೆ, ಇಜೇರಿಯ ವಿಳಾಸಕ್ಕಿಂತ ಕಡಿಮೆ. ಅದಕ್ಕೆ ಅಣ್ಣನಂತಿರುವ ಮಿಟ್, ಪ್ರಿಯಾಕ್ಟ್ ಎಂಬ ಇನ್ನೊಂದು ಲೈಬ್ರರಿ ಮಾಡಿದ ಜೇಸನ್ ಮಿಲ್ಲರ್ ಅವರದ್ದು, 200 ಬೈಟಿನೊಳಗೆ ಮುಗಿಯುತ್ತದೆ. ಬಿಡುವು ಕೊಡದೆ ಇಜೇರಿ, ಇಜೇರಿ ಎಂದು ಹದಿಮೂರು ಸಲ ಬರೆದರೆ ಅಷ್ಟೇ ಜಾಗ.

ಕುಗ್ಗಿಸಿದ್ದನ್ನು ಕುಗ್ಗಿಸದ್ದರ ಜೊತೆ ತೂಗುವುದು ನ್ಯಾಯವೇ ಎಂದು ಹುಬ್ಬೇರಿಸುವವರು ಇರುತ್ತಾರೆ. ಒಪ್ಪಿದೆ, ವಿಳಾಸವನ್ನೂ ಒಂದಿಷ್ಟು ಕುಗ್ಗಿಸಬಹುದು. ಆದರೆ ವಿಳಾಸ ಇದ್ದಲ್ಲಿಯೇ ಇರುತ್ತದೆ, ದುಡಿಯುವುದಿಲ್ಲ. ಈ ಲೈಬ್ರರಿ ದುಡಿಯುತ್ತದೆ.

ಈ ಅಳತೆ ತಲೆಗೆ ಹತ್ತಬೇಕಾದರೆ ಇನ್ನೆರಡು ತಕ್ಕಡಿ ಬೇಕು. ಮೊಬೈಲಿನ ಒಂದು ಎಸ್ಸೆಮ್ಮೆಸ್‌ನ ಹೊಟ್ಟೆ 140 ಬೈಟ್. ಇಂಗ್ಲಿಷಿನಲ್ಲಾದರೆ ಅದರಲ್ಲಿ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಾದರೆ 70 ಗುರುತು ದಾಟುತ್ತಲೇ ಎರಡನೇ ಸಂದೇಶ ಶುರು. ನ್ಯಾನೋಇವೆಂಟ್ಸ್ ಒಂದೇ ಎಸ್ಸೆಮ್ಮೆಸ್‌ನಲ್ಲಿ ಕಾಲು ಚಾಚಿ ಕೂರುತ್ತದೆ. ಇಂಟರ್ನೆಟ್‌ನಲ್ಲಿ ಓಡಾಡುವ ಸಾಮಾನ್ಯ ಪ್ಯಾಕೆಟ್ ಒಂದರ ಮಿತಿ 1500 ಬೈಟ್, ಅದರೊಳಗೆ ಏಳು ಮಿಟ್ ಹತ್ತಿ ಹೋಗಬಹುದು. ಬ್ರೌಸರು ಸರ್ವರಿಗೆ "ಆ ಫೈಲು ಕೊಡಪ್ಪ" ಎಂದು ಕೇಳುವಾಗ ಜೊತೆಗೆ ಕಳಿಸುವ ತಲೆಬರಹವೇ ಹಲವು ನೂರು ಬೈಟ್ ಇರುತ್ತದೆ. ಕೇಳುವ ಅರ್ಜಿ ದೊಡ್ಡದು, ಸಿಗುವ ಸಾಮಾನು ಚಿಕ್ಕದು.

ಇನ್ನೂ ತಮಾಷೆಯದು ಪರವಾನಗಿ. ಮಿಟ್ ಅನ್ನು ಯಾರು ಬೇಕಾದರೂ ಬಳಸಬಹುದು ಎಂದು ಹೇಳುವ ಎಂಐಟಿ ಪರವಾನಗಿಯ ಪಠ್ಯ ಸಾವಿರ ಬೈಟಿನ ಮೇಲಿದೆ. ಮಿಟ್‌ನಷ್ಟೇ ಹಿಂಡಿದರೂ ಅದು ಮಿಟ್‌ಗಿಂತ ದೊಡ್ಡದಾಗಿಯೇ ಉಳಿಯುತ್ತದೆ. ಎತ್ತಿಗಿಂತ ಹಗ್ಗ ಭಾರ ಅನ್ನಬೇಕು.

ಹಾಗಾದರೆ ಈ ಎತ್ತು ಮಾಡುವ ಬೇಸಾಯ ಯಾವುದು? ಊರ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದರೆ ಅವರು ಏನೆಂದಾರು ಎಂದು ಊಹಿಸಬಲ್ಲೆ. "ಅಲ್ಲೋ ತಮ್ಮಾ, ಅದರಾಗ ಏನದ ಅಂಥಾದ್ದು? ಡಂಗರಾ ಹೊಡದಂಗೇ ಆತಲ್ಲ." ಹೌದ್ರಿ ಕಾಕಾ, ಅಷ್ಟೇ ಅದ.

ಹಲಗಿ ಬಡಿದು ಡಂಗುರ ಸಾರುವವನಿಗೆ ಯಾರ ಮನೆಯಲ್ಲಿ ಯಾರಿದ್ದಾರೆ ಎಂಬ ಚಿಂತೆ ಇರಲಿಲ್ಲ. ನಾಳೆ ಸಂತೆ ಇಲ್ಲ ಎಂದು ಕೂಗಿದರೆ ಸಂತೆಗೆ ಹೋಗುವವನು ಕಿವಿಗೊಟ್ಟ, ಹೋಗದವನು ರೊಟ್ಟಿ ಮುರಿಯುವುದನ್ನು ಮುಂದುವರಿಸಿದ. ಕೂಗಿದವನಿಗೂ ಕೇಳಿದವನಿಗೂ ಪರಿಚಯವೇ ಬೇಕಿಲ್ಲ, ನಡುವೆ ಇರುವುದು ಒಂದು ಸುದ್ದಿಯ ಹೆಸರು ಮಾತ್ರ. ಎಮಿಟರಿನ ಜೀವಾಳವೂ ಇದೇ. ಈ ಹೋಲಿಕೆಯನ್ನು ನಾನು ಹಳೆಯ ಕಾಲವನ್ನು ಕೊಂಡಾಡಲು ತರುತ್ತಿಲ್ಲ. ಹಲಗಿ ಹೊರುವ ಕೆಲಸ ಜಾತಿಯ ಹೆಸರಿನಲ್ಲಿ ಕೆಲವರ ಹೆಗಲಿಗೇ ಬೀಳುತ್ತಿತ್ತು, ಊರಿಗೆಲ್ಲ ಸುದ್ದಿ ಕೊಟ್ಟವನು ಊರ ಕಟ್ಟೆ ಹತ್ತುವಂತಿರಲಿಲ್ಲ. ಯಂತ್ರಕ್ಕೆ ಆ ಕೆಲಸ ಹೋದದ್ದು ಒಳ್ಳೆಯದೇ ಆಯಿತು.

ಸಾಮಾನ್ಯವಾಗಿ ಎಮಿಟರಿನ ಒಳಗಿರುವುದು ಒಂದು ಖಾತೆ ಪುಸ್ತಕ ಮತ್ತು ಮೂರು ಕ್ರಿಯೆ. ಪುಸ್ತಕದ ಒಂದೊಂದು ಪುಟಕ್ಕೂ ಒಂದೊಂದು ಸುದ್ದಿಯ ಹೆಸರು: "ಮಳೆ", "ಧಾರಣೆ", "ಹಣ ಬಂತು". ಆನ್ ಎಂದರೆ ಆ ಪುಟದಲ್ಲಿ ನನ್ನ ಹೆಸರು ಬರೆದುಕೊ ಎಂದು. ಎಮಿಟ್ ಎಂದರೆ ಆ ಪುಟದಲ್ಲಿರುವವರನ್ನೆಲ್ಲ ಬರೆದ ಕ್ರಮದಲ್ಲೇ ಕರೆದು ಸುದ್ದಿ ಹೇಳು ಎಂದು. ಆಫ್ ಎಂದರೆ ಹೆಸರು ಹೊಡೆದುಹಾಕು ಎಂದು. ಮಿಟ್‌ನಲ್ಲಿ ಇದರ ಮೇಲೆ ಒಂದು ನಕ್ಷತ್ರದ ಪುಟವೂ ಇದೆ. ಅದರಲ್ಲಿ ಹೆಸರು ಬರೆಸಿದವನಿಗೆ ಊರಿನ ಎಲ್ಲ ಸುದ್ದಿಯೂ ಬೇಕು. ಅಂಥವನೊಬ್ಬ ಪ್ರತಿ ಊರಿನಲ್ಲೂ ಇರುತ್ತಾನೆ.

ಇಷ್ಟನ್ನು 200 ಬೈಟಿಗೆ ಇಳಿಸುವಾಗ ಜೇಸನ್ ಮಿಲ್ಲರ್ ಮತ್ತು ಜೊತೆಗಾರರು ಎಲ್ಲೆಲ್ಲಿ ಕತ್ತರಿ ಆಡಿಸಿದ್ದಾರೆ ಎಂದು ನೋಡುತ್ತಾ ಹೋದಾಗ ಒಂದು ಕಡೆ ನನಗೆ ಉಸಿರು ನಿಂತಂತಾಯಿತು. ಅದು ಆಫ್ ಎಂಬ ಕ್ರಿಯೆಯ ಒಳಗೆ.

ರೇಷನ್ ಅಂಗಡಿಯ ಪಟ್ಟಿ ನೆನಪಿಸಿಕೊಳ್ಳಿ. ಪಟ್ಟಿಯಲ್ಲಿ ಹೆಸರೇ ಇಲ್ಲದ ಒಬ್ಬ ಬಂದು "ನನ್ನ ಹೆಸರು ಹೊಡೆದುಹಾಕಿರಿ" ಎನ್ನುತ್ತಾನೆ. ಗುಮಾಸ್ತ ಹುಡುಕುತ್ತಾನೆ, ಸಿಗುವುದಿಲ್ಲ. ಸಿಗದಿದ್ದರೆ ಜಾವಾಸ್ಕ್ರಿಪ್ಟ್ ಕೊಡುವ ಉತ್ತರ -1. ಆ -1 ಅನ್ನೇ ಹಿಡಿದು ಹೊಡೆದುಹಾಕುವ ಸಾಲಿಗೆ ಹೋದರೆ ಅನಾಹುತ, ಏಕೆಂದರೆ ಅಲ್ಲಿ -1 ಎಂದರೆ ಹಿಂದಿನಿಂದ ಮೊದಲನೆಯದು ಎಂದರ್ಥ. ಪಟ್ಟಿಯ ಕೊನೆಯಲ್ಲಿರುವ ಯಾವುದೋ ಬಡಪಾಯಿಯ ಹೆಸರು ಹೋಗುತ್ತದೆ. ಹೆಸರಿಲ್ಲದವನು ಬಂದು ಹೋದದ್ದಕ್ಕೆ ಹೆಸರಿದ್ದವನ ಅಕ್ಕಿ ನಿಲ್ಲುತ್ತದೆ. ಸರ್ಕಾರಿ ಪಟ್ಟಿಗಳಲ್ಲಿ ಇಂಥದ್ದು ಆಗುವುದಿಲ್ಲವೇ ಎಂದು ಕೇಳಬೇಡಿ.

ಇದನ್ನು ತಡೆಯುವ ನೇರ ದಾರಿ "ಸಿಕ್ಕಿದ್ದರೆ ಮಾತ್ರ ಹೊಡೆ" ಎಂಬ ಒಂದು ಷರತ್ತು. ಆದರೆ ಷರತ್ತು ಬರೆಯಲು ಬೈಟ್ ಬೇಕು. ಮಿಟ್ ಬರೆದವರು ಷರತ್ತು ಹಾಕಲಿಲ್ಲ. ಸಿಕ್ಕ ಸಂಖ್ಯೆಯ ಮುಂದೆ >>> 0 ಎಂದು ಬಾಣದ ಮೂರು ಗುರುತು ಮತ್ತು ಒಂದು ಸೊನ್ನೆ ಇಟ್ಟರು. ಇದು ಸಂಖ್ಯೆಯನ್ನು 32 ಬಿಟ್‌ಗಳ, ಋಣ ಚಿಹ್ನೆಯಿಲ್ಲದ ಸಂಖ್ಯೆಯಾಗಿ ಓದಿಸುತ್ತದೆ. ಮೂರು, ಏಳು, ಹತ್ತು ಇದ್ದರೆ ಹಾಗೆಯೇ ಉಳಿಯುತ್ತವೆ. -1 ಮಾತ್ರ 4,29,49,67,295 ಆಗಿಬಿಡುತ್ತದೆ. ಬಾಯಲ್ಲಿ ಹೇಳುವುದಾದರೆ ನಾಲ್ಕು ನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೈದು.

ಈಗ ಗುಮಾಸ್ತ ಪಟ್ಟಿಯ ಆ ಸಾಲಿಗೆ ಹೋಗಿ ಅಲ್ಲಿರುವ ಹೆಸರು ಹೊಡೆಯಬೇಕು. ಅಲ್ಲಿ ಯಾರೂ ಇಲ್ಲ. ಏನೂ ಆಗುವುದಿಲ್ಲ, ಬಡಪಾಯಿ ಉಳಿದ.

ಇಷ್ಟಕ್ಕೇ ಬೆರಗು ಮುಗಿಯಲಿಲ್ಲ. ಜಾವಾಸ್ಕ್ರಿಪ್ಟ್ ಪಟ್ಟಿಯೊಂದರಲ್ಲಿ ಇರಬಹುದಾದ ಗರಿಷ್ಠ ಸಾಲುಗಳ ಸಂಖ್ಯೆಯೂ ಇದೇ 4,29,49,67,295. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊನೆಯ ಸಾಲಿನ ಸಂಖ್ಯೆ ಇದಕ್ಕಿಂತ ಒಂದು ಕಡಿಮೆ. ಅಂದರೆ ಗುಮಾಸ್ತನನ್ನು ಕಳಿಸಿದ್ದು ಜಗತ್ತಿನ ಯಾವ ಪಟ್ಟಿಯಲ್ಲೂ ಹೆಸರು ಇರಲು ಸಾಧ್ಯವೇ ಇಲ್ಲದ ಮೊಟ್ಟಮೊದಲ ಸಾಲಿಗೆ. ಊರ ಗಡಿಕಲ್ಲಿನಿಂದ ಒಂದೇ ಹೆಜ್ಜೆ ಆಚೆಗೆ. ಒಂದು ಸಾಲಿಗೆ ಒಂದು ಸೆಂಟಿಮೀಟರಿನಂತೆ ಈ ಪಟ್ಟಿಯನ್ನು ಕಾಗದದ ಮೇಲೆ ಬರೆದು ನೆಲಕ್ಕೆ ಹಾಸಿದರೆ ಸುಮಾರು 42,950 ಕಿಲೋಮೀಟರ್ ಆಗುತ್ತದೆ. ಭೂಮಧ್ಯರೇಖೆಯ ಸುತ್ತಳತೆ 40,075 ಕಿಲೋಮೀಟರ್. ಇಜೇರಿಯಿಂದ ಹೊರಟ ಸುರುಳಿ ಭೂಮಿಯನ್ನು ಒಂದು ಸುತ್ತು ಹಾಕಿ, ಊರಿಗೆ ಮರಳಿ, ಇನ್ನೂ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಕೆಲವೇ ಬೈಟ್ ಉಳಿಸುವುದಕ್ಕೆ ಪ್ರತಿ ಸಲ ಭೂಮಿ ಪ್ರದಕ್ಷಿಣೆ. ಇದನ್ನು ಜಾಣತನ ಎನ್ನಬೇಕೋ ಹಟ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ, ಆದರೆ ಇದನ್ನು ಓದಿದ ದಿನ ಚಹಾ ಆರಿಹೋಯಿತು.

ಗಾತ್ರದ ಮಾತಾಯಿತು, ಇನ್ನು ವೇಗ. ಕೇಳುಗರು ಒಬ್ಬಿಬ್ಬರೇ ಇದ್ದು ಅವರ ಕೆಲಸ ಚಿಕ್ಕದಿದ್ದರೆ, ಸಾಧಾರಣ ಲ್ಯಾಪ್‌ಟಾಪು ಸೆಕೆಂಡಿಗೆ ಒಂದು ಕೋಟಿ ಸಲದ ಆಸುಪಾಸು ಎಮಿಟ್ ಮಾಡುತ್ತದೆ. ಬೆಂಗಳೂರಿನಿಂದ ಜೇವರ್ಗಿಗೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿನಂತೆ ಓಡುತ್ತದೆ. ಬೆಳಕು ಬೆಂಗಳೂರು ಬಿಟ್ಟು ಜೇವರ್ಗಿ ಮುಟ್ಟುವಷ್ಟರಲ್ಲಿ ಈ ಡಂಗುರ 22,500 ಸಲ ಹೊಡೆದು ಮುಗಿದಿರುತ್ತದೆ.

ಅದೇ ವೇಗದಲ್ಲಿ ಎಣಿಸುತ್ತಾ ಕೂತರೆ ಜಾವಾಸ್ಕ್ರಿಪ್ಟ್‌ನ ಎಣಿಕೆ ಯಾವಾಗ ಸೋಲುತ್ತದೆ? ಪೂರ್ಣಾಂಕವನ್ನು ಅದು ತಪ್ಪಿಲ್ಲದೆ ಹಿಡಿದಿಡುವುದು 9,00,71,99,25,47,40,991ರ ತನಕ. ಸೆಕೆಂಡಿಗೆ ಕೋಟಿಯಂತೆ ಅಲ್ಲಿಗೆ ಮುಟ್ಟಲು ಇಪ್ಪತ್ತೆಂಟೂವರೆ ವರ್ಷ ಬೇಕು. ಬ್ರೆಂಡನ್ ಐಕ್ ಈ ಭಾಷೆಯನ್ನು ಹತ್ತು ದಿನದಲ್ಲಿ ಬರೆದದ್ದು 1995ರ ಮೇ ತಿಂಗಳಲ್ಲಿ. ಅವತ್ತೇ ಈ ವೇಗದ ಯಂತ್ರವೊಂದು ಎಣಿಸಲು ಶುರು ಮಾಡಿದ್ದರೆ ಮೊನ್ನೆ ಮೊನ್ನೆ, 2023ರ ಕೊನೆಯಲ್ಲಿ, ಸೋಲುತ್ತಿತ್ತು.

ನಿಜವಾದ ಲೋಕದ ಸುದ್ದಿಗಳು ಇದರ ಮುಂದೆ ಎಷ್ಟು? ಭಾರತದ ಯುಪಿಐ ವ್ಯವಹಾರಗಳು ಒಂದು ತಿಂಗಳಿಗೆ ಎರಡು ಸಾವಿರ ಕೋಟಿಯನ್ನು ಮೊದಲ ಸಲ ದಾಟಿದ್ದು 2025ರ ಆಗಸ್ಟ್‌ನಲ್ಲಿ. ಸೆಕೆಂಡಿಗೆ ಸರಾಸರಿ ಏಳು ಸಾವಿರದ ನಾನ್ನೂರಕ್ಕೂ ಹೆಚ್ಚು. ಆ ಇಡೀ ತಿಂಗಳ ಲೆಕ್ಕಕ್ಕೆ ಬರೀ "ಹಣ ಬಂತು" ಎಂದು ಎಮಿಟ್ ಮಾಡುವುದಷ್ಟೇ ಆದರೆ ಒಂದು ಲ್ಯಾಪ್‌ಟಾಪಿಗೆ ಮೂವತ್ತಮೂರು ನಿಮಿಷದ ಕೆಲಸ. ಬ್ಯಾಂಕುಗಳ ಕೆಲಸ ಕೂಗುವುದಲ್ಲ, ಕೂಗಿದ್ದು ಸುಳ್ಳಾಗದಂತೆ ನೋಡಿಕೊಳ್ಳುವುದು. ಅಲ್ಲಿಯೇ ಕಷ್ಟವಿರುವುದು, ಹಾಗಾಗಿ ಈ ಹೋಲಿಕೆಯನ್ನು ಹಿಡಿದು ಯಾರೂ ಬ್ಯಾಂಕ್ ತೆರೆಯಬಾರದು. ಆದರೂ ಚಹಾ ಅಂಗಡಿಯ ಗಲ್ಲೆಯ ಪಕ್ಕ ಕೂತು ಇಂತಿಷ್ಟು ರೂಪಾಯಿ ಬಂತು ಎಂದು ಕೂಗುವ ಸೌಂಡ್‌ಬಾಕ್ಸನ್ನು ನೋಡಿದಾಗೆಲ್ಲ ನನಗೆ ಆ ಖಾತೆ ಪುಸ್ತಕವೇ ಕಾಣುತ್ತದೆ. ಆ ಡಬ್ಬಿ ಒಂದು ಕೇಳುಗ. "ಹಣ ಬಂತು" ಎಂಬ ಪುಟದಲ್ಲಿ ಹೆಸರು ಬರೆಸಿ, ದಿನವಿಡೀ ಕಿವಿ ನಿಮಿರಿಸಿ ಕೂತಿದೆ. ಚಹಾ ಕುಡಿದವನು ಯಾವ ಆ್ಯಪಿನಿಂದ ಕಳಿಸಿದ ಎಂಬುದು ಅದಕ್ಕೆ ಬೇಕಿಲ್ಲ.

ಕರ್ನಾಟಕದ ಮಳೆಯೂ ಹೀಗೆಯೇ ಕೂಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರೂವರೆ ಸಾವಿರದಷ್ಟು ಮಳೆಮಾಪಕ ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳಿಸುತ್ತವೆ. ಒಂದು ಮಾಪಕಕ್ಕೆ ದಿನಕ್ಕೆ 96 ಸಲ, ಎಲ್ಲ ಸೇರಿ 6,24,000. ವರ್ಷಕ್ಕೆ ಇಪ್ಪತ್ತೆರಡೂಮುಕ್ಕಾಲು ಕೋಟಿ. ಬಿಸಿಲಿಗೆ ಎರೆಭೂಮಿ ಬಾಯಿಬಿಟ್ಟ ಏಪ್ರಿಲ್ ಮಧ್ಯಾಹ್ನದಲ್ಲೂ ಅವು ಸುಮ್ಮನಿರುವುದಿಲ್ಲ, "ಸೊನ್ನೆ, ಸೊನ್ನೆ" ಎನ್ನುತ್ತಲೇ ಇರುತ್ತವೆ. ಇಡೀ ವರ್ಷದ ಈ ಕೂಗನ್ನು ನಮ್ಮ ಲ್ಯಾಪ್‌ಟಾಪಿನ ಎಮಿಟರ್ 23 ಸೆಕೆಂಡಿನಲ್ಲಿ ಕೂಗಿ ಮುಗಿಸುತ್ತದೆ.

ಮಳೆಮಾಪಕಗಳಲ್ಲಿ ಮಗುಚುವ ಬಟ್ಟಲಿನದು ಎಂದು ಒಂದು ಬಗೆ ಇದೆ. ಒಳಗೆ ತೂಗುಯ್ಯಾಲೆಯಂತೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಆ ಭಾರಕ್ಕೆ ತಾನೇ ಮಗುಚುತ್ತದೆ, ಇನ್ನೊಂದು ಮೇಲೆ ಬಂದು ನಿಲ್ಲುತ್ತದೆ. ಒಂದು ಮಗುಚಿಗೆ ಒಂದು ವಿದ್ಯುತ್ ಮಿಡಿತ. ಜಾವಾಸ್ಕ್ರಿಪ್ಟ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇಂಥ ಯಂತ್ರಗಳು ಎಮಿಟ್ ಮಾಡುತ್ತಿದ್ದವು. ಬಟ್ಟಲು ಅರ್ಧ ಮಿಲಿಮೀಟರಿನದು ಎಂದಿಟ್ಟುಕೊಳ್ಳಿ. ಕಲಬುರಗಿ ಸೀಮೆಯ ವರ್ಷದ ಮಳೆ ಸುಮಾರು ಮುಕ್ಕಾಲು ಮೀಟರ್. ಅಂದರೆ ವರ್ಷಕ್ಕೆ ಸಾವಿರದ ಐನೂರರಷ್ಟು ಮಗುಚು, ಅಷ್ಟೇ ಸುದ್ದಿ. ಒಂದೊಂದು ಸುದ್ದಿಯ ಹಿಂದಿನ ತೂಕ ನೋಡಿ: ಅರ್ಧ ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಎರಡು ಸಾವಿರ ಲೀಟರ್ ನೀರು. ತೊಗರಿಯ ಒಂದು ಎಕರೆಗೆ ಎರಡು ಸಾವಿರ ಲೀಟರ್ ಬಿತ್ತು ಎಂಬ ಮಾತು ಒಂದು ಮಿಡಿತದಲ್ಲಿ ಮುಗಿಯಿತು. ಕಂಪ್ಯೂಟರಿನ ಸುದ್ದಿ ಎಷ್ಟು ಹಗುರವೆಂದು ಹೇಳುತ್ತಾ ಬಂದವನಿಗೆ ಇಲ್ಲಿ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಷೇರುಪೇಟೆಯ ಲೆಕ್ಕ ಬೇರೆ ಥರದ್ದು. ಬೆಂಗಳೂರಿನ ಜೆರೋಧಾ ಕಂಪನಿ ಪ್ರೋಗ್ರಾಮರುಗಳಿಗೆ ಬೆಲೆ ಕಳಿಸುವ ಕೈಟ್ ಟಿಕ್ಕರ್ ಎಂಬ ವ್ಯವಸ್ಥೆ ಇಟ್ಟಿದೆ. ಅದರ ಜಾವಾಸ್ಕ್ರಿಪ್ಟ್ ರೂಪದಲ್ಲೂ ಬೆಲೆ ಬೇಕಾದವನು ಮಾಡಬೇಕಾದದ್ದು ಇದೇ ಆನ್. ಒಂದು ಸಂಪರ್ಕದಲ್ಲಿ ಮೂರು ಸಾವಿರ ಷೇರುಗಳ ತನಕ ಕಿವಿಗೊಡಬಹುದು. ಪೂರ್ಣ ವಿವರದ ಒಂದು ಬೆಲೆಯ ಪೊಟ್ಟಣ 184 ಬೈಟ್, ಹೆಚ್ಚುಕಡಿಮೆ ಮಿಟ್‌ನಷ್ಟೇ. ಪೇಟೆ ತೆರೆದಿರುವುದು ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆಯ ತನಕ, 22,500 ಸೆಕೆಂಡ್. ಮೂರು ಸಾವಿರವೂ ಸೆಕೆಂಡಿಗೊಮ್ಮೆ ಅಲುಗಿದರೆ ದಿನಕ್ಕೆ 6 ಕೋಟಿ 75 ಲಕ್ಷ ಸುದ್ದಿ, ಹನ್ನೆರಡು ಗಿಗಾಬೈಟಿನ ಮೇಲೆ ಮಾಲು. 200 ಬೈಟಿನ ಲೈಬ್ರರಿಯೊಂದು ತನ್ನ ತೂಕದ 6 ಕೋಟಿ 21 ಲಕ್ಷ ಪಟ್ಟು ಹೊರೆಯನ್ನು ಆರೂಕಾಲು ಗಂಟೆಯಲ್ಲಿ ಕೈದಾಟಿಸಿದಂತೆ. ಆಕಸ್ಮಿಕವಾಗಿ, 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಒಂದು ಕಾಳು ಬಿತ್ತಿ ರಾಜ್ಯದ ಪ್ರತಿಯೊಬ್ಬರಿಗೂ ಒಂದೊಂದು ಕಾಳು ಹಂಚಿದಷ್ಟು.

ಅದೇ ಜನಸಂಖ್ಯೆಯ ಹತ್ತಿರದ ಇನ್ನೊಂದು ಅಂಕಿ: 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಗಳಿಗೆಯಲ್ಲಿ 5 ಕೋಟಿ 90 ಲಕ್ಷ ಮಂದಿ ನೋಡಿದರು. ಹಲಗಿಯವನು ಮನೆಗೊಂದು ನಿಮಿಷದಂತೆ, ನಿದ್ದೆ ಊಟ ಬಿಟ್ಟು, ಅಷ್ಟು ಮನೆಗೆ "ವಿಕೆಟ್ ಬಿತ್ತು" ಎಂದು ಹೇಳಿ ಮುಗಿಸಲು 112 ವರ್ಷ ಬೇಕು. ನಮ್ಮ ಎಮಿಟರಿಗೆ, ಕೇಳುಗರೆಲ್ಲ ಒಂದೇ ಯಂತ್ರದೊಳಗೆ ಇದ್ದರೆ, ಆರು ಸೆಕೆಂಡ್ ಸಾಕು. ಆ ದಿನ ಬಿದ್ದ ವಿಕೆಟ್‌ಗಳ ಸುದ್ದಿ 112 ವರ್ಷ ತಡವಾಗಿ ಬಂದಿದ್ದರೂ ಚಿಂತೆಯಿರಲಿಲ್ಲ ಎನ್ನುವವರೂ ಇದ್ದಾರೆ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಚಿಕ್ಕದಾಗಿರುವುದಕ್ಕೆ ಬೆಲೆಯಿದೆ, ಅದನ್ನು ನಾನು ತೆತ್ತಿದ್ದೇನೆ.

ಒಂದು ಕಚೇರಿಗೆ ಮಾರುಕಟ್ಟೆ ಧಾರಣೆ ತೋರಿಸುವ ಪರದೆಯೊಂದನ್ನು ಬರೆದುಕೊಟ್ಟಿದ್ದೆ. ಐದು ಸೆಕೆಂಡಿಗೊಮ್ಮೆ ಹೊಸ ಧಾರಣೆ ಬರಬೇಕು, ಪರದೆ ಹೊಸದಾಗಿ ಮೂಡಬೇಕು. ಬೆಳಿಗ್ಗೆ ನೋಡಿದರೆ ಹೂವಿನಂತೆ ಓಡುತ್ತಿತ್ತು, ಸಂಜೆಯ ಹೊತ್ತಿಗೆ ಎಮ್ಮೆ ಕೆಸರಿಗೆ ಬಿದ್ದಂತೆ. ಕಂಪ್ಯೂಟರ್ ಹಳೆಯದು ಎಂದೆ. ನೆಟ್ ಸರಿಯಿಲ್ಲ ಎಂದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು ನನ್ನದೇ ಒಂದು ಸಾಲು. ಪರದೆ ಮೂಡುವಾಗೆಲ್ಲ ಆನ್ ಎಂದು ಹೆಸರು ಬರೆಸುತ್ತಿದ್ದೆ, ಹಳೆಯ ಪರದೆ ಅಳಿಯುವಾಗ ಆಫ್ ಎಂದು ಹೊಡೆಸಿರಲಿಲ್ಲ. ಸತ್ತ ಪರದೆಗಳೆಲ್ಲ ಖಾತೆ ಪುಸ್ತಕದಲ್ಲಿ ಬದುಕಿದ್ದವು. ಪ್ರತಿ ಧಾರಣೆಗೂ ಎಮಿಟರ್ ಅವನ್ನೆಲ್ಲ ಸಾಲಾಗಿ ಕರೆದು ಸುದ್ದಿ ಹೇಳಿ ಬರುತ್ತಿತ್ತು, ಸ್ಮಶಾನದ ಮುಂದೆ ನಿಂತು ಡಂಗುರ ಹೊಡೆದ ಹಾಗೆ.

ಅದರ ಲೆಕ್ಕ ಹಾಕಿದಾಗ ಹೆದರಿದೆ. ಮೊದಲ ಧಾರಣೆಗೆ ಒಬ್ಬ ಕೇಳುಗ, ಎರಡನೆಯದಕ್ಕೆ ಇಬ್ಬರು, ಮೂರನೆಯದಕ್ಕೆ ಮೂವರು. ಒಂದು ಗಂಟೆಗೆ 720 ಕೇಳುಗರು, ಅಷ್ಟರಲ್ಲಿ ಆದ ಒಟ್ಟು ಕರೆ 2,59,560. ಎರಡೂವರೆ ಲಕ್ಷ ಎಂದರೆ ಕಂಪ್ಯೂಟರಿಗೆ ಏನೂ ಅಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಗಂಟೆಗೆ 5,760 ಕೇಳುಗರು, ಒಟ್ಟು ಕರೆ 1,65,91,680. ಹೊತ್ತು ಎಂಟು ಪಟ್ಟಾದರೆ ಕೆಲಸ ಅರವತ್ತನಾಲ್ಕು ಪಟ್ಟು. ಬೇಕಾಗಿದ್ದದ್ದು 5,760 ಕರೆ ಮಾತ್ರ, ಉಳಿದದ್ದೆಲ್ಲ ಪ್ರೇತಗಳ ಪಾಲು. ಒಂದು ಪರದೆ, ಒಬ್ಬ ಬಳಕೆದಾರ, ಒಂದು ದಿನ.

ಜಾವಾಸ್ಕ್ರಿಪ್ಟ್‌ನಲ್ಲಿ ಕರೆಗಳು ಒಂದಾದ ಮೇಲೊಂದು ನಡೆಯುತ್ತವೆ, ಜೊತೆಜೊತೆಗೆ ಅಲ್ಲ. ಪರದೆ ನಯವಾಗಿ ಅಲುಗಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು, ಒಂದಕ್ಕೆ ಸಿಗುವುದು ಹದಿನಾರೂಮುಕ್ಕಾಲು ಮಿಲಿಸೆಕೆಂಡಿನೊಳಗಿನ ಹೊತ್ತು. ಬರೀ ಕರೆದು ಬರುವುದಾದರೆ 5,760 ಏನೂ ಅಲ್ಲ. ಆದರೆ ನನ್ನ ಪ್ರತಿ ಪ್ರೇತವೂ ಒಂದು ಕೋಷ್ಟಕ ಬರೆಯಲು ಹೊರಡುತ್ತಿತ್ತು. ಒಂದೊಂದು ಒಂದೇ ಮಿಲಿಸೆಕೆಂಡ್ ತೆಗೆದುಕೊಂಡರೂ ಐದೂಮುಕ್ಕಾಲು ಸೆಕೆಂಡ್ ಆಯಿತು. ಮುಂದಿನ ಧಾರಣೆ ಐದನೇ ಸೆಕೆಂಡಿಗೇ ಬಾಗಿಲಿಗೆ ಬಂದು ನಿಂತಿರುತ್ತದೆ.

ನೋಡ್.ಜೆಎಸ್ ಜೊತೆಗೇ ಬರುವ ಎಮಿಟರ್ ಬಳಸಿದ್ದರೆ ಇದು ತಪ್ಪುತ್ತಿತ್ತೇನೋ. ರಯಾನ್ ಡಾಲ್ 2009ರಲ್ಲಿ ಹೊರತಂದ ಆ ವ್ಯವಸ್ಥೆ ನಿಂತಿರುವುದೇ ಇವೆಂಟುಗಳ ಮೇಲೆ. ಅದರ ಎಮಿಟರಿನಲ್ಲಿ ಒಂದು ಹಿರಿಯರ ಬುದ್ಧಿ ಇದೆ: ಒಂದೇ ಸುದ್ದಿಗೆ ಹನ್ನೊಂದನೆಯ ಕೇಳುಗ ಬಂದ ಕೂಡಲೇ "ಎಲ್ಲೋ ಸೋರುತ್ತಿರಬಹುದು ನೋಡು" ಎಂದು ಎಚ್ಚರಿಸುತ್ತದೆ. ಹತ್ತು ಎಂಬುದು ಅದರ ಮಾಮೂಲಿ ಮಿತಿ. ನನ್ನ ಪರದೆಯಲ್ಲಿ ಆ ಎಚ್ಚರಿಕೆ ಐವತ್ತೈದನೇ ಸೆಕೆಂಡಿಗೆ ಬರುತ್ತಿತ್ತು. 200 ಬೈಟಿನಲ್ಲಿ ಎಚ್ಚರಿಕೆಗೆ ಜಾಗವಿಲ್ಲ. ಚಿಕ್ಕ ಲೈಬ್ರರಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಬಿಟ್ಟ ಕೆಲಸವನ್ನು ಬಳಸುವವನು ತಲೆಯಲ್ಲಿ ಹೊತ್ತಿರಬೇಕು, ಅಷ್ಟೇ. ನ್ಯಾನೋಇವೆಂಟ್ಸ್ ಈ ವಿಷಯದಲ್ಲಿ ಒಂದು ಸೊಗಸು ಮಾಡಿದೆ. ಅದರಲ್ಲಿ ಆಫ್ ಎಂಬ ಕ್ರಿಯೆಯೇ ಇಲ್ಲ. ಆನ್ ಎಂದಾಗಲೇ ಬಿಡಿಸಿಕೊಳ್ಳುವ ಕೀಲಿಯನ್ನು ಕೈಗೆ ಕೊಡುತ್ತದೆ. ಕೀಲಿ ಕಳೆದುಕೊಂಡರೆ ತಪ್ಪು ನಿಮ್ಮದು.

ಇಂಥ ಸಣ್ಣ ಲೈಬ್ರರಿಗಳ ಮೇಲೆ ಎಷ್ಟು ಭಾರ ಕೂತಿದೆ ಎಂಬುದು ಬೇರೆಯೇ ಬೆರಗು. ಇವೆಂಟ್‌ಎಮಿಟರ್3 ಎಂಬುದನ್ನು ವಾರವೊಂದಕ್ಕೆ ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳುತ್ತಾರೆ. ಬಹುಪಾಲು ಮಂದಿಗೆ ತಾವು ಇಳಿಸಿಕೊಂಡದ್ದೇ ಗೊತ್ತಿಲ್ಲ, ಬೇರೆ ಯಾವುದೋ ದೊಡ್ಡದರ ಬಾಲ ಹಿಡಿದು ಬಂದಿರುತ್ತದೆ. 2016ರ ಮಾರ್ಚ್ 22ರಂದು ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಲೈಬ್ರರಿಯನ್ನು ಬರೆದವನು ಮುನಿಸಿಕೊಂಡು ಹಿಂದಕ್ಕೆ ಪಡೆದ, ಜಗತ್ತಿನಾದ್ಯಂತ ದೊಡ್ಡ ದೊಡ್ಡ ಯೋಜನೆಗಳು ಕಟ್ಟಲಾಗದೆ ನಿಂತವು. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬುದರ ಉಸ್ತುವಾರಿ ಅಪರಿಚಿತನೊಬ್ಬನ ಕೈಗೆ ಹೋಗಿ, ಬಿಟ್‌ಕಾಯಿನ್ ಕದಿಯುವ ಸಂಚು ಅದರೊಳಗೆ ಸೇರಿಕೊಂಡಿತ್ತು. ವಾರಕ್ಕೆ ಹತ್ತಾರು ಲಕ್ಷ ಸಲ ಇಳಿಯುತ್ತಿದ್ದ ಲೈಬ್ರರಿ ಅದು. ನನ್ನ ಅಭಿಪ್ರಾಯ ಕೇಳಿದರೆ, ಇಷ್ಟು ಚಿಕ್ಕದನ್ನು ಇಳಿಸಿಕೊಳ್ಳುವುದಕ್ಕಿಂತ ಓದಿ, ಅರ್ಥ ಮಾಡಿಕೊಂಡು, ಪರವಾನಗಿ ಹೇಳುವಂತೆ ಬರೆದವರ ಹೆಸರಿಟ್ಟು ನಿಮ್ಮ ಫೈಲಿನಲ್ಲೇ ಸೇರಿಸಿಕೊಳ್ಳುವುದು ಮೇಲು. ಹತ್ತು ನಿಮಿಷದ ಓದು. ಭೂಮಿ ಪ್ರದಕ್ಷಿಣೆಯ ಆ ಸಾಲೂ ಕಣ್ಣಿಗೆ ಬೀಳುತ್ತದೆ.

ಇನ್ನು ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗ. ಬ್ರೌಸರಿನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆಯಿಂದ ಇಜೇರಿ ಎಂದು ಟೈಪ್ ಮಾಡಿ. ಐದು ಕೀಲಿ, ಇ ಅಕ್ಷರಕ್ಕೆ ಒಂದು ಶಿಫ್ಟ್. ಕೀಲಿ ಒತ್ತಿದ್ದು, ಅಕ್ಷರ ಹುಟ್ಟಿದ್ದು, ಪಠ್ಯ ಬದಲಾಗಲಿದೆ ಎಂಬುದು, ಬದಲಾಯಿತು ಎಂಬುದು, ಕೀಲಿ ಬಿಟ್ಟದ್ದು: ಅಕ್ಷರದ ಪ್ರತಿ ಕೀಲಿಗೂ ಐದು ಇವೆಂಟ್. ಶಿಫ್ಟಿಗೆ ಒತ್ತಿದ್ದು ಮತ್ತು ಬಿಟ್ಟದ್ದು, ಎರಡು. ಊರಿನ ಹೆಸರು ಬರೆದು ಮುಗಿಸುವಷ್ಟರಲ್ಲಿ ಬ್ರೌಸರು 27 ಸಲ ಡಂಗುರ ಹೊಡೆದಿರುತ್ತದೆ. ಯಾರೂ ಕೇಳುತ್ತಿಲ್ಲದಿದ್ದರೂ ಹೊಡೆಯುತ್ತದೆ.

ಈ ಲೇಖನವನ್ನು ಹಾಗೆ ಟೈಪ್ ಮಾಡಿದರೆ ಇವೆಂಟುಗಳು ಎಪ್ಪತ್ತು ಸಾವಿರ ದಾಟುತ್ತವೆ. ಅದು ಹಿಡಿಯುವ ಜಾಗದಲ್ಲಿ ಇನ್ನೂರು ಮಿಟ್‌ಗಳು ಕೂರುತ್ತವೆ.